ಎಂಬತ್ತು ವರ್ಷ ಬೇರೆಯವರ ಹೆಸರಲ್ಲಿ ಬದುಕಿದ ಗಾಜಿನ ಮೀನು

ಅಕ್ವೇರಿಯಂ ಅಂಗಡಿಯಲ್ಲಿ ಬಣ್ಣದ ಮೀನುಗಳದ್ದೇ ಮೆರೆದಾಟ. ಗೋಲ್ಡ್‌ಫಿಶ್, ಗಪ್ಪಿ, ಏಂಜೆಲ್‌ಗಳ ತೊಟ್ಟಿಗಳ ನಡುವೆ ಒಂದು ತೊಟ್ಟಿ ಮೊದಲ ನೋಟಕ್ಕೆ ಖಾಲಿ ಕಾಣುತ್ತದೆ. ಹತ್ತಿರ ಹೋಗಿ ಕಣ್ಣು ಕಿರಿದು ಮಾಡಿ ನೋಡಿದರೆ ನೀರಿನ ನಡುಮಟ್ಟದಲ್ಲಿ ಸಣ್ಣ ಸಣ್ಣ ಎಲುಬಿನ ಸಾಲುಗಳು ತೇಲುತ್ತಿರುತ್ತವೆ. ಪಂಪಿನಿಂದ ನುಗ್ಗುವ ನೀರಿಗೆ ಎದುರಾಗಿ, ಎಲ್ಲವೂ ಒಂದೇ ದಿಕ್ಕಿಗೆ ಮುಖಮಾಡಿ, ಬಾಲ ತುಸು ತಗ್ಗಿಸಿ ನಿಂತಿರುತ್ತವೆ. ಬೆನ್ನೆಲುಬು ಕಾಣುತ್ತದೆ, ಮೀನಿನ ಆಚೆಗಿರುವ ಗಿಡದ ಎಲೆಯೂ ಅದರ ಮೈಯ ಮೂಲಕವೇ ಕಾಣುತ್ತದೆ. ಹೊಟ್ಟೆಯ ಅಂಗಗಳೆಲ್ಲ ತಲೆಯ ಹಿಂದೆಯೇ ಬೆಳ್ಳಿ ಬಣ್ಣದ ಪುಟ್ಟ ಚೀಲವೊಂದರಲ್ಲಿ ಮುದುಡಿ ಕೂತಿವೆ. ಮೂತಿಯಿಂದ ಎರಡು ಉದ್ದನೆಯ ಮೀಸೆ ಮುಂದಕ್ಕೆ ಚಾಚಿವೆ. ಮೀನು ಹೊರಳಿದಾಗ ಮೈಮೇಲೆ ಕಾಮನಬಿಲ್ಲಿನ ಬಣ್ಣಗಳು ಮಿಂಚಿ ಮರೆಯಾಗುತ್ತವೆ.

ಅಂಗಡಿಯವರು ಇದನ್ನು ಗ್ಲಾಸ್ ಕ್ಯಾಟ್‌ಫಿಶ್ ಎನ್ನುತ್ತಾರೆ, ಕೆಲವರು ಘೋಸ್ಟ್ ಕ್ಯಾಟ್‌ಫಿಶ್ ಎನ್ನುವುದೂ ಉಂಟು. 1930ರ ದಶಕದಿಂದಲೂ ಜಗತ್ತಿನ ಮನೆಮನೆಯ ಗಾಜಿನ ತೊಟ್ಟಿಗಳಲ್ಲಿ ಇದು ಈಜುತ್ತಿದೆ. ಅಕ್ವೇರಿಯಂ ಪುಸ್ತಕಗಳಲ್ಲಿ ಇದರ ಚಿತ್ರವಿದೆ, ಪ್ರಯೋಗಾಲಯಗಳಲ್ಲೂ ಇದಕ್ಕೆ ಜಾಗವಿದೆ. ಇಷ್ಟೊಂದು ಕಣ್ಣುಗಳೆದುರು ಓಡಾಡಿದ ಮೀನಿಗೆ ತನ್ನದೇ ಆದ ವೈಜ್ಞಾನಿಕ ಹೆಸರು ಸಿಕ್ಕಿದ್ದು ಮಾತ್ರ 2013ರಲ್ಲಿ. ಅಲ್ಲಿಯವರೆಗೆ ಅದು ಬೇರೆ ನದಿಗಳ ಬೇರೆ ಮೀನುಗಳ ಹೆಸರಿನಲ್ಲಿ ಮಾರಾಟವಾಗುತ್ತಿತ್ತು.

ಪುಟ್ಟ ಕ್ಯಾಟ್‌ಫಿಶ್ ಒಂದನ್ನು ಇಂಥದ್ದೇ ಎಂದು ಗುರುತಿಸುವುದು ಎಷ್ಟು ಕಷ್ಟ, ಆ ಕಷ್ಟ ಯಾಕೆ ಪಡಬೇಕು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಜಾವಾ, ಬೋರ್ನಿಯೊ, ಕೊನೆಗೆ ಥಾಯ್ಲೆಂಡ್

ಕಥೆ ಶುರುವಾಗುವುದು 1840ರಲ್ಲಿ. ಫ್ರಾನ್ಸಿನ ಪ್ರಾಣಿಶಾಸ್ತ್ರಜ್ಞ ವ್ಯಾಲೆನ್ಸಿಯೆನ್ ಜಾವಾ ದ್ವೀಪದಿಂದ ಬಂದ ಮೀನೊಂದನ್ನು ವಿವರಿಸಿ ಹೆಸರಿಟ್ಟರು. ಎರಡು ಮೀಸೆಯ, ಚಪ್ಪಟೆ ಮೈಯ ಆ ಮೀನು ಇಂದು ಕ್ರಿಪ್ಟಾಪ್ಟೆರಸ್ ಬೈಸಿರಿಸ್ ಎಂಬ ಹೆಸರಿನಲ್ಲಿದೆ. ಕ್ರಿಪ್ಟಾಪ್ಟೆರಸ್ ಎಂಬ ಕುಲವನ್ನು ಕಟ್ಟಿದವರು ಬ್ಲೀಕರ್. ಜಾವಾದ ಬಟಾವಿಯಾದಲ್ಲಿ ಡಚ್ ಸೇನೆಯ ವೈದ್ಯರಾಗಿದ್ದು, ಅಲ್ಲಿನ ಮೀನುಗಳ ಅಧ್ಯಯನಕ್ಕೇ ಬದುಕು ಕೊಟ್ಟವರು ಅವರು.

ಸುಮಾರು ನೂರು ವರ್ಷದ ಬಳಿಕ ಆಗ್ನೇಯ ಏಷ್ಯಾದಿಂದ ಗಾಜಿನಂಥ ಮೀನುಗಳು ಯುರೋಪಿನ ಅಕ್ವೇರಿಯಂಗಳಿಗೆ ಬಂದವು. ಎರಡು ಮೀಸೆ, ಚಪ್ಪಟೆ ಮೈ, ಹೊಟ್ಟೆಯಿಂದ ಬಾಲದವರೆಗೆ ಉದ್ದಕ್ಕೂ ಈಜುರೆಕ್ಕೆ. ಪುಸ್ತಕ ತೆರೆದು ನೋಡಿದವರಿಗೆ ಹೊಂದಿದಂತೆ ಕಂಡ ಹೆಸರು ಜಾವಾದ ಮೀನಿನದು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ನಕಲು ಮಾಡುತ್ತ ಆ ಹೆಸರು ಗಟ್ಟಿಯಾಯಿತು.

1989ರಲ್ಲಿ ಅಮೆರಿಕದ ಮತ್ಸ್ಯಶಾಸ್ತ್ರಜ್ಞ ಟೈಸನ್ ರಾಬರ್ಟ್ಸ್ ಪಶ್ಚಿಮ ಬೋರ್ನಿಯೊದ ಕಪುವಾಸ್ ನದಿಯ ಮೀನುಗಳನ್ನು ಅಧ್ಯಯನ ಮಾಡುತ್ತ, ಅಲ್ಲಿನ ಪುಟ್ಟ ಪಾರದರ್ಶಕ ಕ್ಯಾಟ್‌ಫಿಶ್‌ಗೆ ಕ್ರಿಪ್ಟಾಪ್ಟೆರಸ್ ಮೈನರ್ ಎಂದು ಹೆಸರಿಟ್ಟರು. ಜಾವಾದ ಮೀನು 15 ಸೆಂಟಿಮೀಟರಿನವರೆಗೆ ಬೆಳೆಯುತ್ತದೆ. ಅಂಗಡಿಯ ಮೀನು ಸಾಮಾನ್ಯವಾಗಿ 6–7 ಸೆಂಟಿಮೀಟರಿಗೆ ನಿಂತುಬಿಡುತ್ತದೆ. ಹಾಗಾದರೆ ನಮ್ಮ ತೊಟ್ಟಿಯಲ್ಲಿರುವುದು ಬೋರ್ನಿಯೊದ್ದೇ ಇರಬೇಕು ಎಂದು ಅಕ್ವೇರಿಯಂ ಲೋಕ ಹೊಸ ಹೆಸರಿಗೆ ವಾಲಿತು. ಒಂದು ತಪ್ಪನ್ನು ತಿದ್ದಲು ಹೋಗಿ ಇನ್ನೊಂದು ತಪ್ಪು ನಡೆಯಿತು.

ಸಿಂಗಪುರದ ಎನ್‌ಜಿ ಹಿಯೋಕ್ ಹೀ ಮತ್ತು ಸ್ವಿಟ್ಜರ್ಲೆಂಡಿನ ಮಾರಿಸ್ ಕಾಟೆಲಾ, ಇಬ್ಬರೂ ಏಷ್ಯಾದ ಸಿಹಿನೀರ ಮೀನುಗಳನ್ನು ಆಳವಾಗಿ ಬಲ್ಲವರು. 2013ರಲ್ಲಿ ಅವರು ಈ ಮೂರೂ ಬಗೆಯ ಮೀನುಗಳನ್ನು ಪಕ್ಕಪಕ್ಕದಲ್ಲಿಟ್ಟು ಅಳೆದರು. ಅಂಗಡಿಯ ಮೀನು ಜಾವಾದ್ದೂ ಅಲ್ಲ, ಬೋರ್ನಿಯೊದ್ದೂ ಅಲ್ಲ. ಥಾಯ್ಲೆಂಡಿನ ದಕ್ಷಿಣ ಪರ್ಯಾಯ ದ್ವೀಪದ ನದಿಗಳಲ್ಲಿ ಮತ್ತು ಆಗ್ನೇಯ ಭಾಗದಲ್ಲಿ ಏಲಕ್ಕಿ ಬೆಟ್ಟಗಳಿಂದ ಇಳಿಯುವ ಹೊಳೆಗಳಲ್ಲಿ ಅದರ ಮನೆ. ಅದಕ್ಕೆ ಕ್ರಿಪ್ಟಾಪ್ಟೆರಸ್ ವಿಟ್ರಿಯೋಲಸ್ ಎಂದು ಹೆಸರಿಟ್ಟರು. ಎಂಬತ್ತು ವರ್ಷಗಳ ತಪ್ಪು ಗುರುತಿನ ಬಳಿಕ ಗಾಜಿನ ಕ್ಯಾಟ್‌ಫಿಶ್‌ಗೊಂದು ಹೆಸರು ಎನ್ನುವುದೇ ಅವರ ಪ್ರಬಂಧದ ತಲೆಬರಹದ ಸಾರಾಂಶ.

ಮೀಸೆಯಿಂದ ಶುರು

ಕ್ಯಾಟ್‌ಫಿಶ್‌ಗಳಲ್ಲಿ 3,000ಕ್ಕೂ ಹೆಚ್ಚು ಪ್ರಭೇದಗಳಿವೆ. ಕೈಯಲ್ಲಿರುವ ಒಂದು ಬೆರಳುದ್ದದ ಮೀನು ಅವುಗಳಲ್ಲಿ ಯಾವುದು ಎಂದು ಹೇಳಬೇಕಾದರೆ ದೊಡ್ಡ ಗುಂಪಿನಿಂದ ಸಣ್ಣ ಗುಂಪಿಗೆ ಹಂತಹಂತವಾಗಿ ಇಳಿಯಬೇಕು.

ಮೊದಲು, ಅದು ಕ್ಯಾಟ್‌ಫಿಶ್ ಹೌದೇ? ಮೈಮೇಲೆ ಹುರುಪೆ ಇರಬಾರದು, ಬಾಯಿಯ ಸುತ್ತ ಮೀಸೆಗಳಿರಬೇಕು. ಬಂಗಾಳ, ಅಸ್ಸಾಮಿನ ನೀರಿನಿಂದ ಬರುವ, ಅಂಗಡಿಗಳಲ್ಲಿ ಗ್ಲಾಸ್ ಫಿಶ್ ಎಂದೇ ಮಾರಾಟವಾಗುವ ಚಂದಾ ಮೀನು ಕೂಡ ಪಾರದರ್ಶಕವೇ. ಆದರೆ ಅದಕ್ಕೆ ಸಣ್ಣ ಹುರುಪೆಗಳಿವೆ, ಮೀಸೆ ಇಲ್ಲ. ಹಾಗಾಗಿ ಅದು ಈ ಬಳಗದ್ದೇ ಅಲ್ಲ.

ನಂತರ ಬೆನ್ನು ನೋಡಬೇಕು. ನಮ್ಮ ಕೆರೆ, ಹೊಳೆಗಳ ಗಿರ್ಲು ಮೀನಿಗೆ ಬೆನ್ನಿನ ಮೇಲೆ ಚೂಪಾದ ಮುಳ್ಳಿರುವ ಈಜುರೆಕ್ಕೆ, ಅದರ ಹಿಂದೆ ಬಾಲದ ಕಡೆಗೆ ಕಡ್ಡಿಗಳಿಲ್ಲದ, ಮೆತ್ತಗಿನ ಇನ್ನೊಂದು ಕೊಬ್ಬಿನ ರೆಕ್ಕೆ ಇರುತ್ತದೆ. ಮೀಸೆ ನಾಲ್ಕು ಜೊತೆ. ಗಾಜಿನ ಮೀನಿನ ಕುಟುಂಬದಲ್ಲಿ ಕೊಬ್ಬಿನ ರೆಕ್ಕೆ ಇರುವುದೇ ಇಲ್ಲ. ಬೆನ್ನಿನ ರೆಕ್ಕೆಯೂ ಇದೆಯೋ ಇಲ್ಲವೋ ಎನ್ನುವಷ್ಟು ಚಿಕ್ಕದು. ಕೆಳಗಿನ ರೆಕ್ಕೆ ಮಾತ್ರ ಹೊಟ್ಟೆಯ ಹಿಂದಿನಿಂದ ಬಾಲದ ಬುಡದವರೆಗೆ ಅಂಚು ಕಟ್ಟಿದ ಹಾಗೆ ಹರಡಿಕೊಂಡಿರುತ್ತದೆ. ಕರ್ನಾಟಕದ ನದಿಗಳಲ್ಲಿ ಮೀಟರಿಗೂ ಮೀರಿ ಬೆಳೆಯುವ ಬಾಳೆ ಮೀನು ಇದೇ ಕುಟುಂಬಕ್ಕೆ ಸೇರಿದ್ದು. ಆ ಬೃಹತ್ ಬೇಟೆಗಾರನಿಗೂ ಈ ಗಾಜಿನ ಕಡ್ಡಿಗೂ ಸಂಬಂಧ ಎಂದರೆ ನಂಬುವುದು ಕಷ್ಟ. ಬಾಳೆ ಮೀನಿನ ಉದ್ದನೆಯ ಕೆಳರೆಕ್ಕೆಯನ್ನೂ ಚಿಕ್ಕ ಬೆನ್ನಿನ ರೆಕ್ಕೆಯನ್ನೂ ಒಮ್ಮೆ ನೋಡಿದವರಿಗೆ ಅನುಮಾನ ಉಳಿಯುವುದಿಲ್ಲ.

ಹೊಳೆಯ ರಭಸದಲ್ಲಿ ಕಲ್ಲಿಗೆ ಅಂಟಿ ಬದುಕುವ ಇನ್ನೊಂದು ಗುಂಪಿದೆ. ಅವುಗಳನ್ನು ಅಂಗಾತ ಮಲಗಿಸಿದರೆ ಎದೆಯ ಮೇಲೆ ನೆರಿಗೆ ನೆರಿಗೆಯಾದ ಅಂಟುಪಟ್ಟಿ ಕಾಣುತ್ತದೆ. ಅಷ್ಟಕ್ಕೇ ಅವುಗಳ ಕುಟುಂಬ ಯಾವುದೆಂದು ಹೇಳಿಬಿಡಬಹುದು.

ಇಲ್ಲಿಯವರೆಗಿನ ಕೆಲಸ ಸುಲಭ. ತಾಳ್ಮೆಯಿದ್ದರೆ ಯಾರು ಬೇಕಾದರೂ ಕಲಿಯಬಹುದು.

ಕಡ್ಡಿ ಎಣಿಸುವ ಕೆಲಸ

ಕುಟುಂಬ ಗೊತ್ತಾದ ಮೇಲೆ ನಿಜವಾದ ಪರೀಕ್ಷೆ. ಒಂದೇ ಕುಲದ ಅಣ್ಣತಮ್ಮಂದಿರಂಥ ಪ್ರಭೇದಗಳು ಬರಿಗಣ್ಣಿಗೆ ಒಂದೇ. ಅವುಗಳನ್ನು ಬೇರ್ಪಡಿಸಲು ಉಳಿಯುವ ದಾರಿ ಅಳತೆ ಮತ್ತು ಎಣಿಕೆ.

ಮೀನಿನ ಉದ್ದವನ್ನು ಮೂತಿಯಿಂದ ಬಾಲದ ಬುಡದವರೆಗೆ ಅಳೆಯುತ್ತಾರೆ, ಬಾಲದ ತುದಿಯವರೆಗಲ್ಲ. ಬಾಲದ ರೆಕ್ಕೆ ಹರಿದಿರಬಹುದು, ಇನ್ನೊಂದು ಮೀನು ಕಚ್ಚಿರಬಹುದು. ಉಳಿದ ಅಳತೆಗಳನ್ನೆಲ್ಲ ಈ ಉದ್ದದ ಶೇಕಡಾವಾರಿನಲ್ಲಿ ಹೇಳುತ್ತಾರೆ. ಆಗ ಮರಿಯನ್ನೂ ಬಲಿತದ್ದನ್ನೂ ಹೋಲಿಸಬಹುದು. ಥಾಯ್ಲೆಂಡಿನ ಗಾಜಿನ ಮೀನಿನಲ್ಲಿ ಗುದದ್ವಾರದ ಬಳಿ ಮೈಯ ಎತ್ತರ ಈ ಉದ್ದದ ಶೇ 16ರಿಂದ 20. ಕಣ್ಣಿನ ಅಗಲ ತಲೆಯ ಉದ್ದದ ಶೇ 28ರಿಂದ 34. ಮೀಸೆಯನ್ನು ಹಿಂದಕ್ಕೆ ಚಾಚಿದರೆ ಅದು ಕೆಳರೆಕ್ಕೆಯ ಮೊದಲ ಕಡ್ಡಿಯ ಬುಡವನ್ನು ದಾಟಿ ಹೋಗುತ್ತದೆ. ತಲೆಯ ಹಿಂದೆ, ಬೆನ್ನು ಶುರುವಾಗುವಲ್ಲಿ ಸ್ಪಷ್ಟವಾದ ತಗ್ಗಿದೆ.

ಎಣಿಕೆಯ ಕೆಲಸ ಇದಕ್ಕಿಂತ ಸೂಕ್ಷ್ಮ. ಕೆಳರೆಕ್ಕೆಯಲ್ಲಿ ಎಷ್ಟು ಕಡ್ಡಿಗಳಿವೆ? ಸೂಕ್ಷ್ಮದರ್ಶಕದ ಕೆಳಗಿಟ್ಟು, ಹಿಂದಿನಿಂದ ಬೆಳಕು ಬಿಟ್ಟು, ಸೂಜಿಯ ತುದಿಯಿಂದ ಒಂದೊಂದಾಗಿ ಎಣಿಸಬೇಕು. ಈ ಮೀನಿನಲ್ಲಿ 48ರಿಂದ 55. ಇನ್ನು ಕಿವಿರಿನ ಕಮಾನಿನ ಒಳಬದಿಯಲ್ಲಿ ಸಣ್ಣ ಮುಳ್ಳುಗಳ ಸಾಲು ಇರುತ್ತದೆ. ನೀರಿನೊಂದಿಗೆ ಬಾಯಿಗೆ ಬಂದ ಆಹಾರ ಕಿವಿರಿಗೆ ಜಾರದಂತೆ ತಡೆಯುವ ಬೇಲಿ ಅದು. ಮೊದಲ ಕಮಾನಿನಲ್ಲಿ ಅಂಥ ಮುಳ್ಳು 14ರಿಂದ 18. ಬೆನ್ನೆಲುಬಿನ ಮಣಿಗಳನ್ನು ಎಣಿಸಲು ಸಾಮಾನ್ಯವಾಗಿ ಎಕ್ಸ್-ರೇ ತೆಗೆಯುತ್ತಾರೆ.

ಇವುಗಳಲ್ಲಿ ಯಾವುದೋ ಒಂದು ಲಕ್ಷಣ ಹಿಡಿದು ತೀರ್ಪು ಕೊಡಲಾಗದು. ಒಂದು ಅಳತೆ ಬೋರ್ನಿಯೊದ ಮೀನಿಗೂ ಹೊಂದಬಹುದು, ಇನ್ನೊಂದು ಉತ್ತರ ಸುಮಾತ್ರಾದ ಸೋದರ ಪ್ರಭೇದಕ್ಕೂ ಹೊಂದಬಹುದು. ಎಲ್ಲ ಲಕ್ಷಣಗಳೂ ಒಟ್ಟಿಗೆ ಕೂಡಿಬರುವುದು ಒಂದೇ ಪ್ರಭೇದದಲ್ಲಿ. ಇದನ್ನು ಖಚಿತಪಡಿಸಿಕೊಳ್ಳಲು ಒಂದು ಮೀನು ಸಾಲದು, ಬೇರೆ ಬೇರೆ ಹೊಳೆಗಳಿಂದ ಬಂದ ಸಾಕಷ್ಟು ಮೀನುಗಳು ಬೇಕು. ಒಂದೊಂದು ಕಡ್ಡಿಯನ್ನೂ ಎಣಿಸಿದವರ ಶ್ರದ್ಧೆಯನ್ನು ನೆನೆದರೆ ಗೌರವ ಹುಟ್ಟುತ್ತದೆ.

ಸೀಸೆಯೊಳಗಿನ ಸಾಕ್ಷಿ

ಹೆಸರಿನ ಜಗಳ ಬಂದಾಗ ಕೊನೆಯ ಮಾತು ಮೂಲ ಮಾದರಿಯದು. ಹೊಸ ಪ್ರಭೇದಕ್ಕೆ ಹೆಸರಿಡುವವರು ಒಂದು ಮೀನನ್ನು ಆಯ್ದು, ಇದೇ ಈ ಹೆಸರಿನ ಆಧಾರ ಎಂದು ಘೋಷಿಸಿ, ಸಂಗ್ರಹಾಲಯದಲ್ಲಿ ಮದ್ಯಸಾರದ ಸೀಸೆಯಲ್ಲಿ ಇಡುತ್ತಾರೆ. ಮುಂದೆ ಅನುಮಾನ ಬಂದವರು ಅಲ್ಲಿಗೇ ಹೋಗಿ ಹೋಲಿಸಿ ನೋಡಬೇಕು.

ಗಾಜಿನ ಮೀನಿನ ವಿಷಯದಲ್ಲಿ ಈ ಸೀಸೆಗೂ ಒಂದು ಮಿತಿಯಿದೆ. ಜೀವ ಹೋದ ಕೂಡಲೇ ಈ ಮೀನು ಹಾಲಿನಂತೆ ಬೆಳ್ಳಗಾಗುತ್ತದೆ. ಜನರ ಕಣ್ಣು ಸೆಳೆದ ಪಾರದರ್ಶಕತೆ ಸೀಸೆಯೊಳಗೆ ಉಳಿಯುವುದೇ ಇಲ್ಲ. ತೊಟ್ಟಿಯಲ್ಲಿ ಮೀನು ನೋಡಿದವರು ಸಂಗ್ರಹಾಲಯಕ್ಕೆ ಹೋಗಲಿಲ್ಲ, ಸಂಗ್ರಹಾಲಯದಲ್ಲಿ ಕುಳಿತವರಿಗೆ ತೊಟ್ಟಿಯ ಮೀನು ಯಾವ ಹೊಳೆಯದೆಂದು ಗೊತ್ತಿರಲಿಲ್ಲ. ವ್ಯಾಪಾರದಲ್ಲಿ ಕೈಯಿಂದ ಕೈಗೆ ಸಾಗುವ ಮೀನು ರಫ್ತಾದ ಊರಿನ ಹೆಸರು ಹೊತ್ತು ಬರುತ್ತದೆ, ಹಿಡಿದ ಹೊಳೆಯ ಹೆಸರು ಕಳೆದುಹೋಗುತ್ತದೆ. ತಪ್ಪು ಎಂಟು ದಶಕ ಬಾಳಿದ್ದಕ್ಕೆ ಇದೇ ಮುಖ್ಯ ಕಾರಣ ಎಂದು ನನಗನ್ನಿಸುತ್ತದೆ.

ಹ್ಯಾಮಿಲ್ಟನ್ ಹೆಸರಿಟ್ಟ ಮೀನುಗಳು

ಭಾರತದ ಪುಟ್ಟ ಕ್ಯಾಟ್‌ಫಿಶ್‌ಗಳ ಕಥೆಯಲ್ಲಿ ಇನ್ನೊಂದು ತೊಡಕಿದೆ. ಇಲ್ಲಿ ಬಹಳ ಮೀನುಗಳಿಗೆ ಸೀಸೆಯೇ ಇಲ್ಲ.

ಫ್ರಾನ್ಸಿಸ್ ಬುಕಾನನ್ ಹೆಸರು ಕರ್ನಾಟಕದ ಇತಿಹಾಸ ಓದಿದವರಿಗೆಲ್ಲ ಗೊತ್ತು. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳನ್ನು ಸುತ್ತಿ ಬೆಳೆ, ಜಾತಿ, ಕಸುಬುಗಳನ್ನೆಲ್ಲ ಬರೆದುಕೊಂಡ ಸ್ಕಾಟ್ಲೆಂಡಿನ ವೈದ್ಯ ಅವರು. ಅದೇ ವ್ಯಕ್ತಿ ಬಂಗಾಳದ ನದಿಗಳ ಮೀನುಗಳನ್ನೂ ವರ್ಷಗಟ್ಟಲೆ ಅಧ್ಯಯನ ಮಾಡಿದರು. ಮುಂದೆ ಹ್ಯಾಮಿಲ್ಟನ್ ಎಂದು ಹೆಸರು ಬದಲಿಸಿಕೊಂಡು, 1822ರಲ್ಲಿ ಗಂಗಾನದಿಯ ಮೀನುಗಳ ಕುರಿತ ಗ್ರಂಥ ಪ್ರಕಟಿಸಿದರು. ಟೆಂಗರಾ, ಕವಾಸಿಯಸ್, ಬಟಾಸಿಯೊ ಮುಂತಾದ ಪುಟ್ಟ ಕ್ಯಾಟ್‌ಫಿಶ್‌ಗಳಿಗೆ ವೈಜ್ಞಾನಿಕ ಹೆಸರು ಬಂದಿದ್ದು ಅದರಲ್ಲೇ. ಬಂಗಾಳದ ಮೀನುಗಾರರ ಬಾಯಲ್ಲಿದ್ದ ಹೆಸರುಗಳನ್ನೇ ಅವರು ಎಷ್ಟೋ ಕಡೆ ಉಳಿಸಿಕೊಂಡರು.

ಆದರೆ ಅವರು ಮೂಲ ಮಾದರಿಗಳನ್ನು ಉಳಿಸಿಹೋಗಲಿಲ್ಲ. 1815ರಲ್ಲಿ ಭಾರತ ಬಿಡುವಾಗ ಬರೆಸಿದ್ದ ಚಿತ್ರಗಳನ್ನು ಒಯ್ಯಲೂ ಗವರ್ನರ್ ಜನರಲ್ ಒಪ್ಪಲಿಲ್ಲ, ಅವು ಕಲ್ಕತ್ತದಲ್ಲೇ ಉಳಿದವು. ಹಾಗಾಗಿ ಹ್ಯಾಮಿಲ್ಟನ್ ನೋಡಿದ ಮೀನು ನಿಖರವಾಗಿ ಯಾವುದು ಎಂದು ತಿಳಿಯಲು ವಿದ್ವಾಂಸರು ಅವರ ವಿವರಣೆ, ಚಿತ್ರ ಮತ್ತು ಅವರು ಹೇಳಿದ ನದಿಯ ಇಂದಿನ ಮೀನುಗಳನ್ನು ಮುಂದಿಟ್ಟುಕೊಂಡು ತರ್ಕಿಸಬೇಕಾಗುತ್ತದೆ.

ಇದರ ಪರಿಣಾಮ ನಮ್ಮ ಗಿರ್ಲು ಮೀನಿನಲ್ಲೇ ಕಾಣುತ್ತದೆ. ಬೆಳ್ಳಿ ಬಣ್ಣದ, ಉದ್ದ ಮೀಸೆಯ, ಬೆನ್ನಿನ ರೆಕ್ಕೆಗೆ ತಾಗಿದಂತೆ ಉದ್ದನೆಯ ಕೊಬ್ಬಿನ ರೆಕ್ಕೆಯಿರುವ ಗಿರ್ಲನ್ನು ಭಾರತದುದ್ದಕ್ಕೂ ಮಿಸ್ಟಸ್ ಕವಾಸಿಯಸ್ ಎಂದೇ ಬರೆಯುತ್ತಿದ್ದರು. ಗಂಗೆಯಲ್ಲಿ ಸಿಕ್ಕಿದ್ದೂ ಅದೇ, ಕೃಷ್ಣೆಯಲ್ಲಿ ಸಿಕ್ಕಿದ್ದೂ ಅದೇ, ಮ್ಯಾನ್ಮಾರಿನ ಐರಾವತಿಯದೂ ಅದೇ. 2005ರಲ್ಲಿ ಪ್ರಸಾಂತ ಚಕ್ರವರ್ತಿ ಮತ್ತು ಇದೇ ಎನ್‌ಜಿ ಹಿಯೋಕ್ ಹೀ ಆ ಒಂದು ಹೆಸರಿನ ಕೆಳಗೆ ಒಂದಕ್ಕಿಂತ ಹೆಚ್ಚು ಪ್ರಭೇದಗಳಿವೆ ಎಂದು ತೋರಿಸಿದರು. ಮ್ಯಾನ್ಮಾರಿನದಕ್ಕೆ ಹೊಸ ಹೆಸರು ಬಂತು. ದಖ್ಖನ್ ಪ್ರದೇಶದ ಮೀನುಗಳನ್ನು 1839ರಲ್ಲಿ ವಿವರಿಸಿದ್ದ ಕರ್ನಲ್ ಸೈಕ್ಸ್ ಇಟ್ಟಿದ್ದ ಸೀಂಗ್ಟೀ ಎಂಬ ಹೆಸರು, ಬಹುಕಾಲ ಮೂಲೆಗೆ ಸರಿದಿದ್ದದ್ದು, ದಕ್ಷಿಣ ಭಾರತದ ಮೀನಿಗೆ ಮರಳಿ ಸಿಕ್ಕಿತು.

ಡಿಎನ್‌ಎ ಬಂದ ಮೇಲೆ

ಈಗ ಡಿಎನ್‌ಎ ಪರೀಕ್ಷೆ ಇದೆಯಲ್ಲ, ಕಡ್ಡಿ ಯಾಕೆ ಎಣಿಸಬೇಕು ಎಂದು ಕೇಳುವವರಿದ್ದಾರೆ. ರೆಕ್ಕೆಯ ಒಂದು ಚೂರಿನಿಂದ ನಿರ್ದಿಷ್ಟ ಜೀನಿನ ಸುಮಾರು 650 ಅಕ್ಷರಗಳನ್ನು ಓದಿ ದತ್ತಾಂಶ ಭಂಡಾರದೊಂದಿಗೆ ಹೋಲಿಸುವ ವಿಧಾನವನ್ನು ಕೆನಡಾದ ಪಾಲ್ ಹೆಬರ್ಟ್ 2003ರಲ್ಲಿ ಮುಂದಿಟ್ಟರು. ಮರಿಮೀನು, ತುಂಡಾದ ಮೀನು, ಒಣಮೀನು ಎಲ್ಲಕ್ಕೂ ಇದು ಬಹಳ ಉಪಯುಕ್ತ.

ಆದರೆ ಭಂಡಾರದಲ್ಲಿರುವ ಪ್ರತಿ ದಾಖಲೆಗೂ ಯಾರೋ ಒಬ್ಬರು ಮೊದಲು ಮೀನನ್ನು ನೋಡಿ ಹೆಸರು ಬರೆದಿರುತ್ತಾರೆ. ಅವರು ಅಂಗಡಿಯ ಚೀಟಿ ನೋಡಿ ಬೈಸಿರಿಸ್ ಎಂದು ಬರೆದಿದ್ದರೆ, ನಂತರ ಹೋಲಿಸುವ ಎಲ್ಲರಿಗೂ ಯಂತ್ರ ಅದೇ ತಪ್ಪು ಉತ್ತರವನ್ನು ಪೂರ್ತಿ ವಿಶ್ವಾಸದಿಂದ ಕೊಡುತ್ತದೆ. ಡಿಎನ್‌ಎ ಎರಡು ಮೀನುಗಳು ಬೇರೆ ಬೇರೆ ಎಂದು ಹೇಳಬಲ್ಲದು. ಅವುಗಳಲ್ಲಿ 1840ರ ಜಾವಾದ ಮೀನು ಯಾವುದು ಎಂದು ತಿಳಿಯಲು ಸೀಸೆಯ ಬಳಿಗೇ ಹೋಗಬೇಕು.

ತಪ್ಪು ಹೆಸರು ಮಾಡುವ ಹಾನಿ

ಗಾಜಿನ ಮೀನು ಬರೀ ಅಲಂಕಾರದ ವಸ್ತುವಲ್ಲ. ಇದರ ಚರ್ಮದಲ್ಲಿ ವಿದ್ಯುತ್ ಕ್ಷೇತ್ರವನ್ನು ಗ್ರಹಿಸುವ ಅಂಗಗಳಿವೆ. ಕಾಂತಕ್ಷೇತ್ರಕ್ಕೆ ಸ್ಪಂದಿಸುವ ಒಂದು ಪ್ರೋಟೀನನ್ನು ಗ್ಲಾಸ್ ಕ್ಯಾಟ್‌ಫಿಶ್‌ನಿಂದ ಪಡೆದ ಅಮೆರಿಕದ ಸಂಶೋಧಕರು 2018ರಲ್ಲಿ ಪ್ರಬಂಧ ಪ್ರಕಟಿಸಿದರು. ನರಕೋಶಗಳನ್ನು ದೂರದಿಂದ ನಿಯಂತ್ರಿಸಲು ಅದನ್ನು ಬಳಸಬಹುದೇ ಎಂಬುದು ಅವರ ಆಸಕ್ತಿ. ಹೊಸ ಹೆಸರು ಬಂದು ಐದು ವರ್ಷವಾಗಿದ್ದರೂ ಆ ಪ್ರಬಂಧದಲ್ಲಿದ್ದದ್ದು ಬೈಸಿರಿಸ್ ಎಂಬ ಹಳೆಯ ಹೆಸರೇ. ಇಂಥ ಪ್ರಯೋಗವನ್ನು ಮತ್ತೆ ಮಾಡಿ ನೋಡಬೇಕೆನ್ನುವವರು ಜಾವಾದ ಮೀನು ತರಿಸಬೇಕೋ, ಥಾಯ್ಲೆಂಡಿನದೋ ಎಂದು ಯೋಚಿಸಬೇಕಾಗುತ್ತದೆ.

ಈ ಮೀನಿನ ಮೈಮೇಲಿನ ಕಾಮನಬಿಲ್ಲೂ ವಿಜ್ಞಾನಿಗಳನ್ನು ಸೆಳೆಯಿತು, ಅದರ ಗುಟ್ಟು ಬಯಲಾದದ್ದು 2023ರಲ್ಲಿ. ಶಾಂಘೈನ ಭೌತವಿಜ್ಞಾನಿ ಚಿಬಿನ್ ಝಾವೊ ಅಕ್ವೇರಿಯಂ ಅಂಗಡಿಯಲ್ಲಿ ಈ ಮೀನು ಕಂಡು ಬೆರಗಾಗಿ ಅಧ್ಯಯನಕ್ಕೆ ಇಳಿದರು. ಬಣ್ಣ ಚರ್ಮದ್ದಲ್ಲ. ಚರ್ಮ ಸುಮಾರು ಶೇ 90ರಷ್ಟು ಬೆಳಕನ್ನು ಒಳಗೆ ಬಿಡುತ್ತದೆ, ಒಳಗಿನ ಸ್ನಾಯುವಿನ ಎಳೆಗಳ ಅತಿಸೂಕ್ಷ್ಮ ಪಟ್ಟಿಗಳು ಸಿ.ಡಿ.ಯ ಗೆರೆಗಳ ಹಾಗೆ ಆ ಬೆಳಕನ್ನು ಬಣ್ಣಗಳಾಗಿ ಒಡೆಯುತ್ತವೆ. ಈಜುವಾಗ ಸ್ನಾಯು ಬಿಗಿದು ಸಡಿಲಗೊಂಡಂತೆ ಪಟ್ಟಿಗಳ ಅಂತರ ಬದಲಾಗಿ ಬಣ್ಣ ಮಿನುಗುತ್ತದೆ.

ತಪ್ಪು ಹೆಸರಿನಿಂದ ದೊಡ್ಡ ಹಾನಿ ನದಿಗಳಿಗೆ. ಮೀನು ಬೋರ್ನಿಯೊದ್ದೆಂದು ದಾಖಲೆ ಹೇಳುತ್ತಿದ್ದರೆ, ಥಾಯ್ಲೆಂಡಿನ ಹೊಳೆಯಲ್ಲಿ ಅದು ಬರಿದಾಗುತ್ತಿದೆಯೇ ಎಂದು ಯಾರೂ ಹೋಗಿ ನೋಡುವುದಿಲ್ಲ. ಹಾಗೆಯೇ ಹಲವು ನದಿಗಳ ಬೇರೆ ಬೇರೆ ಪ್ರಭೇದಗಳನ್ನು ಒಂದೇ ಹೆಸರಿನಲ್ಲಿ ಬರೆದಿಟ್ಟರೆ, ಎಲ್ಲೆಲ್ಲೂ ಇರುವ ಮೀನು, ಚಿಂತೆ ಬೇಡ ಎಂಬ ತೀರ್ಮಾನಕ್ಕೆ ಬರುತ್ತೇವೆ. ಒಂದು ನದಿಯದು ಪೂರ್ತಿ ಅಳಿದರೂ ಲೆಕ್ಕದಲ್ಲಿ ಏನೂ ಕಡಿಮೆಯಾಗುವುದಿಲ್ಲ.

ದೊಡ್ಡ ಮೀನುಗಳಲ್ಲೂ ಇದೇ ಗೊಂದಲವಿದೆ. ನಮ್ಮಲ್ಲಿ ಸಾಕಣೆಗೆ ನಿಷೇಧವಿರುವ ಆಫ್ರಿಕನ್ ಕ್ಯಾಟ್‌ಫಿಶ್‌ಗೂ ನಮ್ಮದೇ ಮುರುಗೋಡು ಮೀನಿಗೂ ಹತ್ತಿರದ ಹೋಲಿಕೆ. ತಲೆಯ ಹಿಂಬದಿಯ ಮೂಳೆಯ ಅಂಚಿನ ಆಕಾರ ನೋಡಿ ಬೇರ್ಪಡಿಸಲು ಬಾರದಿದ್ದರೆ ನಿಷೇಧ ಇದ್ದೂ ಪ್ರಯೋಜನವಿಲ್ಲ.

ಶರಾವತಿಯ ಬಟಾಸಿಯೊ

ಹೆಸರಿಲ್ಲದ ಮೀನು ಹುಡುಕಲು ಥಾಯ್ಲೆಂಡಿಗೆ ಹೋಗಬೇಕಿಲ್ಲ. 2004ರಲ್ಲಿ ಶರಾವತಿಯ ಮೇಲ್ಭಾಗದ, ಲಿಂಗನಮಕ್ಕಿ ಜಲಾಶಯಕ್ಕೆ ಸೇರುವ ಹೊಳೆಯೊಂದರಿಂದ ಭಟ್ ಮತ್ತು ಜಯರಾಂ ಪುಟ್ಟ ಕ್ಯಾಟ್‌ಫಿಶ್ ಒಂದನ್ನು ಹೊಸ ಪ್ರಭೇದವೆಂದು ವಿವರಿಸಿದರು. ಅದಕ್ಕೆ ಬಟಾಸಿಯೊ ಶರಾವತಿಯೆನ್ಸಿಸ್ ಎಂದು ಹೆಸರು. 2007ರಲ್ಲಿ ಕುದುರೆಮುಖದ ಹೆಸರು ಹೊತ್ತ ಗ್ಲಿಪ್ಟೊಥೊರಾಕ್ಸ್ ಕುದ್ರೆಮುಖೆನ್ಸಿಸ್ ಬಂತು, ಎದೆಯ ಅಂಟುಪಟ್ಟಿಯಿಂದ ಕಲ್ಲಿಗೆ ಹಿಡಿದುಕೊಳ್ಳುವ ಬಳಗದ್ದು. ಎರಡೂ ಅಂಗೈಯಲ್ಲಿ ಹಿಡಿಸುವ ಮೀನುಗಳು.

ಮಲೆನಾಡಿನ ಯಾವುದೋ ಹಳ್ಳದಲ್ಲಿ ಇಂಥ ಮೀಸೆಯ ಮೀನು ಕಂಡವರು ಮಾಡಬಹುದಾದ್ದು ಇಷ್ಟು. ಬರಿಗೈಯಲ್ಲಿ ಹಿಡಿಯುವುದು ಬೇಡ, ಬೆನ್ನು ಮತ್ತು ಭುಜದ ಮುಳ್ಳು ಆಳವಾಗಿ ಚುಚ್ಚುತ್ತವೆ. ಚೇಳು ಮೀನಾದರೆ ವಿಷದ ಉರಿಯೂ ಸೇರುತ್ತದೆ. ನೀರು ತುಂಬಿದ ಪಾರದರ್ಶಕ ಡಬ್ಬಿಯಲ್ಲಿ ಬಿಟ್ಟು ಎಡ ಮಗ್ಗುಲಿನಿಂದ ನೇರವಾಗಿ ಒಂದು ಫೋಟೊ, ತಲೆಯ ಮೇಲಿನಿಂದ ಒಂದು, ಎದೆಯ ಅಡಿಯಿಂದ ಒಂದು ತೆಗೆಯಬೇಕು. ಪಕ್ಕದಲ್ಲಿ ಸ್ಕೇಲ್ ಇರಲಿ, ರೆಕ್ಕೆಗಳು ಬಿಚ್ಚಿಕೊಂಡಿರಲಿ, ಮೀಸೆ ಎಲ್ಲಿಯವರೆಗೆ ಮುಟ್ಟುತ್ತದೆ ಎಂಬುದು ಕಾಣಲಿ. ಫೋಟೊದ ಜೊತೆಗೆ ಹಳ್ಳದ ಹೆಸರು, ಅದು ಸೇರುವ ಹೊಳೆ, ಹತ್ತಿರದ ಊರು, ತಿಂಗಳು, ತಳದಲ್ಲಿ ಮರಳಿತ್ತೇ ಕಲ್ಲಿತ್ತೇ ಎಂಬುದನ್ನು ಬರೆದಿಡಬೇಕು. ಫೋಟೊ ತೆಗೆದ ಮೇಲೆ ಮೀನನ್ನು ಹಿಡಿದ ಜಾಗದಲ್ಲೇ ಬಿಡಬೇಕು. ಫೋಟೊ ತುಸು ಮಸುಕಾಗಿದ್ದರೂ ಬಲ್ಲವರು ಹೇಗೋ ಗುರುತು ಹಿಡಿದಾರು. ಆದರೆ ಹಳ್ಳದ ಹೆಸರಿಲ್ಲದೆ ಬಂದ ಮೀನಿನ ವಿಷಯದಲ್ಲಿ ಅವರೂ ಹೆಚ್ಚೇನೂ ಹೇಳಲಾರರು.